ಚಂದ್ರಭಾಗಾಗೆ ತಿಳಿಯುತ್ತಿತ್ತು

ನಿಲಂಗಾದ ಬಜಾರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ದಿಗಂಬರನ ಹೆಂಡತಿ ಚಂದ್ರಭಾಗಾ ದನಿ ಎತ್ತಿ ಮಾತಾಡಿದ್ದನ್ನು ಮದುವೆಯಾಗಿ ಹತ್ತು ವರ್ಷದವರೆಗೆ ಯಾರೂ ಕೇಳಿರಲಿಲ್ಲ. ಉಮರ್ಗಾ ತಾಲೂಕಿನ ದಾಳಿಂಬದ ಮಾಣಿಕಪ್ಪನ ಮಗಳು. ಮರಾಠಿ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು. ಅಂಗಡಿಗೆ ಬಂದವರ ಜೊತೆ ಮರಾಠಿ, ಮನೆಯೊಳಗೆ ಕನ್ನಡ. ಎರಡರಲ್ಲೂ ಅವಳ ಮಾತು ಕಡಿಮೆ. ಮೂರು ಹೆರಿಗೆಗಳೂ ಮನೆಯಲ್ಲೇ ಆದವು. ಮೂರರಲ್ಲೂ ಅವಳು ಸೆರಗಿನ ತುದಿಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು ಮಲಗಿದ್ದಳೇ ಹೊರತು ಒಂದು ಸಲವೂ ಕೂಗಲಿಲ್ಲ. ಅತ್ತೆ ಸರಸ್ವತಿಬಾಯಿಗೆ ಇದೊಂದು ಹೆಮ್ಮೆ. "ನಮ್ಮ ಸೊಸಿ ಹಡದ್ಳು ಅಂತ ಬಾಜೂ ಮನಿಯವರಿಗೆ ಗೊತ್ತಾಗಿದ್ದು ಕೂಸು ಅತ್ತ ಮ್ಯಾಲೇ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಎಂಬತ್ತಾರರಲ್ಲಿ ಮೃಗದ ಮಳೆ ಎರಡು ದಿನ ಬಿದ್ದು ನಿಂತಿತು. ಬಿತ್ತಿದ ತೊಗರಿ ಮೊಣಕಾಲೆತ್ತರ ಬಂದು ಒಣಗಿತು. ದೀಪಾವಳಿಯ ಹೊತ್ತಿಗೆ ಓಣಿಯ ಬಾವಿಯ ತಳದಲ್ಲಿ ಕೆಸರು ಕಾಣಿಸಿತು. ಆಮೇಲೆ ಟ್ಯಾಂಕರಿನ ನೀರೇ ಗತಿ. ಟ್ಯಾಂಕರು ದಿನ ಬಿಟ್ಟು ದಿನ ಬರುತ್ತಿತ್ತು, ಕೆಲವು ಸಲ ಅದೂ ಇಲ್ಲ. ಚಂದ್ರಭಾಗಾ ಎಂಟು ತಿಂಗಳ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು, ತಲೆಯ ಮೇಲೊಂದು ಕೊಡ, ಕೈಯಲ್ಲೊಂದು ಕೊಡ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಳು. ಹಾಗೆ ನಿಂತಾಗಲೇ ಒಂದು ದಿನ ತೀರ್ಮಾನ ಮಾಡಿದಳು: ಸಾಕು, ಮೂರು ಮಕ್ಕಳು ಸಾಕು, ಮಕ್ಕಳಾಗದ ಆಪರೇಷನ್ ಮಾಡಿಸಿಕೊಳ್ಳಬೇಕು. ಯಾರೂ ಅವಳನ್ನು ಒತ್ತಾಯ ಮಾಡಲಿಲ್ಲ. ದಿಗಂಬರ "ನಿನ್ನ ಇಚ್ಛಾ" ಎಂದ. ಸರಸ್ವತಿಬಾಯಿ, "ನನ್ನ ಕಾಲಕ್ಕ ಇದು ಇದ್ದಿದ್ರ ನಾನೂ ಮಾಡಿಸ್ಕೊಂತಿದ್ದೆ" ಎಂದಳು.

ಆ ಭಾಗದ ಹಳ್ಳಿಗಳನ್ನು ನೋಡಿಕೊಳ್ಳುತ್ತಿದ್ದ ನರ್ಸು ರಂಭಾಬಾಯಿಗೆ ಇದು ದೊಡ್ಡ ಸಮಾಧಾನ ತಂದಿತು. ಮಾರ್ಚಿನೊಳಗೆ ಇಷ್ಟು ಹೆಂಗಸರ ಆಪರೇಷನ್ ಆಗಬೇಕು ಎಂದು ಅವಳ ತಲೆಯ ಮೇಲೆ ಲೆಕ್ಕ ಕೂತಿತ್ತು. ಆ ಲೆಕ್ಕದಲ್ಲಿ ಹೆಂಗಸರಿಗೆ ಹೆಸರಿರಲಿಲ್ಲ, 'ಕೇಸು' ಎನ್ನುತ್ತಿದ್ದರು. ತಾನಾಗಿ ಬಂದ ಕೇಸು ಸಿಗುವುದು ಅಪರೂಪ. ರಂಭಾಬಾಯಿ ಚಂದ್ರಭಾಗಾಳ ಕೈ ಹಿಡಿದು, "ಭೂಲ್ ಅಂದ್ರ ಜೋಮು ಹಿಡಿಸೋ ಔಷಧ ಕೊಡ್ತಾರ ಅಕ್ಕಾ, ಏನೂ ತಿಳಿಯಂಗಿಲ್ಲ. ಇರುವಿ ಕಡದಂಗ ಒಂದು ಸೂಜಿ, ಅಷ್ಟೇ" ಎಂದು ಭರವಸೆ ಕೊಟ್ಟಳು.

ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಶಿಬಿರ. ನಿಲಂಗಾದಿಂದ ಎಂಟು ಮೈಲಿ ಆಚೆಯ ಒಂದು ಹಳ್ಳಿಯ ಶಾಲೆಯಲ್ಲಿ ಏರ್ಪಾಡು. ಎಂಬತ್ತಮೂರು ಹೆಂಗಸರು ಬೆಳಿಗ್ಗೆ ಎಂಟಕ್ಕೇ ಬಂದು ವರಾಂಡದಲ್ಲಿ ಕೂತರು. ಹೊಟ್ಟೆ ಖಾಲಿ ಇರಬೇಕೆಂದು ಹೇಳಿದ್ದರಿಂದ ಯಾರೂ ಉಂಡಿರಲಿಲ್ಲ. ಕುಡಿಯಲು ನೀರೂ ಇರಲಿಲ್ಲ. ಉಪಕರಣ ಕುದಿಸಲು, ಕೈ ತೊಳೆಯಲು ಬರಬೇಕಾದ ಟ್ಯಾಂಕರು ಒಂಬತ್ತಕ್ಕೆ ಬರುವ ಬದಲು ಮಧ್ಯಾಹ್ನ ಒಂದೂವರೆಗೆ ಬಂತು. ಜಿಲ್ಲೆಯಿಂದ ಜೀಪಿನಲ್ಲಿ ಬಂದಿದ್ದ ಡಾಕ್ಟರು ಅಷ್ಟು ಹೊತ್ತೂ ಶಾಲೆಯ ಅಂಗಳದಲ್ಲಿ ಅತ್ತಿಂದಿತ್ತ ನಡೆದಾಡಿದರು. ಕರೆಂಟಿನ ಭರವಸೆ ಇರಲಿಲ್ಲ. ಬೆಳಕು ಇರುವಾಗಲೇ ಮುಗಿಯಬೇಕು. ಕೆಲಸ ಶುರುವಾದಾಗ ಅವರ ಮುಖ ಬಿಗಿದುಕೊಂಡಿತ್ತು.

ಚಂದ್ರಭಾಗಾಳದು ನಲವತ್ತೇಳನೆಯ ನಂಬರು. ಒಳಗೆ ಎರಡು ಮೇಜು. ಒಂದರ ಮೇಲೆ ಕೆಲಸ ನಡೆಯುವಾಗ ಇನ್ನೊಂದರ ಮೇಲೆ ಮುಂದಿನವಳನ್ನು ಮಲಗಿಸುತ್ತಿದ್ದರು. ಹೊಕ್ಕುಳ ಕೆಳಗೆ ಸೂಜಿ ಚುಚ್ಚಿದರು. ಅದೇನೋ ನಿಜ, ಇರುವೆ ಕಚ್ಚಿದಷ್ಟೇ. ಅವಳು ಉಸಿರು ಬಿಟ್ಟಳು. ಆ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಡಾಕ್ಟರು ಕತ್ತಿ ಇಟ್ಟರು.

ಅವಳ ಕೈಗೆ ಸೆರಗು ಸಿಗಲಿಲ್ಲ. ರಂಭಾಬಾಯಿ ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒತ್ತಿ ಹಿಡಿದಿದ್ದಳು.

"ಸಾಹೇಬ್, ತಿಳೀಲಿಕ್ಕತ್ತದ! ಇನ್ನೂ ತಿಳೀಲಿಕ್ಕತ್ತದ್ರೀ!" ಅವಳು ಕೂಗಿದಳು. ಕನ್ನಡದಲ್ಲಿ ಕೂಗಿದೆ ಎಂದು ಹೊಳೆದು, ಮತ್ತೆ ಮರಾಠಿಯಲ್ಲಿ ಕೂಗಿದಳು.

ಡಾಕ್ಟರು ತಲೆ ಎತ್ತಲಿಲ್ಲ. "ಏನೂ ತಿಳಿಯುವುದಿಲ್ಲ. ಹೆದರಿಕೆ ಅದು" ಎಂದು ಮರಾಠಿಯಲ್ಲಿ ಹೇಳಿ, ರಂಭಾಬಾಯಿಗೆ, "ಸಿಸ್ಟರ್, ಈ ಹೆಂಗಸು ಅಲುಗಾಡದ ಹಾಗೆ ಹಿಡಿಯಿರಿ" ಎಂದರು.

ಅವಳಿಗೆ ಎಲ್ಲವೂ ತಿಳಿಯಿತು. ಚರ್ಮ ಸೀಳಿದ್ದು, ಒಳಗೆ ಏನೋ ತಣ್ಣಗಿನದು ತೂರಿಕೊಂಡು ಹೋದದ್ದು, ಒಳಗಿನ ನರವನ್ನೇ ಹಿಡಿದು ಎಳೆದಂತಾದದ್ದು, ಹೊಲಿಗೆಯ ಸೂಜಿ ಎರಡು ಸಲ ಒಳಗೆ ಹೋಗಿ ಎರಡು ಸಲ ಹೊರಗೆ ಬಂದದ್ದು. ಅದೆಲ್ಲದರ ನಡುವೆ ಅವಳನ್ನು ಹೆಚ್ಚು ಸುಟ್ಟದ್ದು ಆ ಒಂದು ಮಾತು: ಏನೂ ತಿಳಿಯುವುದಿಲ್ಲ. ತನ್ನ ಹೊಟ್ಟೆಯಲ್ಲಿ ಏನಾಗುತ್ತಿದೆ ಎಂದು ಮೇಲೆ ನಿಂತವನಿಗೆ ತನಗಿಂತ ಹೆಚ್ಚು ಗೊತ್ತೆ?

ಪಕ್ಕದ ಕೋಣೆಯಲ್ಲಿ ನೆಲದ ಮೇಲೆ ಜಮಖಾನ ಹಾಸಿ ಹೆಂಗಸರನ್ನು ಸಾಲಾಗಿ ಮಲಗಿಸಿದ್ದರು. ಪಕ್ಕದಲ್ಲಿದ್ದವಳು ಶಿವಕಾಂತಮ್ಮ, ನಾಲ್ಕು ಮಕ್ಕಳ ತಾಯಿ. ಚಂದ್ರಭಾಗಾ ಅವಳ ಕಡೆ ತಿರುಗಿ, "ನಿಮಗ ತಿಳೀತೇನ್ರೀ?" ಎಂದು ಕೇಳಿದಳು.

"ತಿಳೀಲಾರದೇನು ತಂಗಿ? ಜೀವಾ ಹೋದಂಗಾಯ್ತು."

"ಮತ್ತ ಯಾಕ ಹೇಳಲಿಲ್ಲ?"

ಶಿವಕಾಂತಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದಳು, "ಅದು ಹಂಗ ಇರ್ತದ ಅಂತ ತಿಳಕೊಂಡಿದ್ದೆ."

ಚಂದ್ರಭಾಗಾ ಆಚೆಯವಳನ್ನು ಕೇಳಿದಳು, ಅವಳ ಮೂಲಕ ಅವಳಾಚೆಯವಳನ್ನು ಕೇಳಿಸಿದಳು. ಆ ಸಾಲಿನ ಹತ್ತು ಜನರಲ್ಲಿ ಏಳು ಜನಕ್ಕೆ ತಿಳಿದಿತ್ತು. ಒಬ್ಬಳೂ ಬಾಯಿ ಬಿಟ್ಟಿರಲಿಲ್ಲ. ಅದನ್ನು ಕೇಳಿದ ಗಳಿಗೆಯಲ್ಲಿ ಅವಳ ಹೊಟ್ಟೆಯ ನೋವಿನ ಪಕ್ಕಕ್ಕೆ ಇನ್ನೊಂದು ಉರಿ ಬಂದು ಕೂತಿತು. ಹೊಟ್ಟೆಯ ನೋವು ಹತ್ತು ದಿನದಲ್ಲಿ ಹೋಯಿತು.

ಮನೆಗೆ ಬಂದ ಮೇಲೆ ದಿಗಂಬರ ಕೇಳಿ, "ಆತು ಬಿಡು, ಮುಗೀತಲ್ಲ. ದೊಡ್ಡ ಡಾಕ್ಟರು ಅಂವಾ, ಸುಳ್ಳ ಹೇಳ್ತಾನೇನು? ಹೆದರಿಕ್ಯಾಗ ಹಂಗ ಅನಸಿರಬೇಕು" ಎಂದ. ಅವನು ಒರಟನಲ್ಲ, ಹಾಲಿಗೆ ಅರಿಸಿನ ಹಾಕಿ ತಾನೇ ತಂದುಕೊಟ್ಟಿದ್ದ. ಆದರೂ ಚಂದ್ರಭಾಗಾ ಆ ಲೋಟ ಮುಟ್ಟಲಿಲ್ಲ.

ಒಲೆಯ ಮುಂದೆ ಕೂತಿದ್ದ ಸರಸ್ವತಿಬಾಯಿ ಎದ್ದು ಬಂದಳು. "ಏ ದಿಗಂಬರಾ, ಈಕಿ ಮೂರು ಹಡದಾಗ ನಾ ಬಾಜೂ ಕುಂತಿದ್ದೆ. ನೀ ಅಂಗಡ್ಯಾಗಿದ್ದಿ. ತುಟಿ ಹರದು ರಕ್ತ ಬಂತು, ದನಿ ಬರಲಿಲ್ಲ. ಈಕಿ ಚೀರ್ಯಾಳ ಅಂದ್ರ, ಅಲ್ಲಿ ಏನೋ ಆಗಬಾರದ್ದು ಆಗ್ಯದ."

ಚಂದ್ರಭಾಗಾ ಅವತ್ತು ಮೊದಲ ಸಲ ಅತ್ತಳು.

ಏಳನೆಯ ದಿನ ಹೊಲಿಗೆ ಬಿಚ್ಚಲು ರಂಭಾಬಾಯಿ ಬಂದಳು. ಮಾತಾಡದೆ ಹೊಲಿಗೆ ಬಿಚ್ಚಿ, ಔಷಧ ಹಚ್ಚಿ, ಒಂದು ಹಳದಿ ಕಾರ್ಡು ಕೊಟ್ಟಳು. ಕಾರ್ಡು ಇಂಗ್ಲಿಷಿನಲ್ಲಿತ್ತು. "ಇದರಾಗ ಏನ್ ಬರ್ದಾರ?" ಎಂದು ಚಂದ್ರಭಾಗಾ ಕೇಳಿದಳು. ರಂಭಾಬಾಯಿ ಡಬ್ಬಿಯ ಮುಚ್ಚಳ ಹಾಕುತ್ತ, "ಎಲ್ಲರದ್ದೂ ಒಂದೇ ಬರೀತಾರ ಅಕ್ಕಾ" ಎಂದು ಹೇಳಿ ಎದ್ದು ಹೋದಳು.

ಆ ಕಾರ್ಡು ಹಿಡಿದು ಚಂದ್ರಭಾಗಾ ಶಿಬಿರ ಏರ್ಪಡಿಸಿದ್ದ ಅಧಿಕಾರಿಯ ಕಚೇರಿಗೆ ಹೋದಳು. ಜೊತೆಗೆ ಸರಸ್ವತಿಬಾಯಿ. ಎರಡು ತಾಸು ಬೆಂಚಿನ ಮೇಲೆ ಕೂರಿಸಿ ಆಮೇಲೆ ಒಳಗೆ ಕರೆದರು. ಅಧಿಕಾರಿ ಸಿಟ್ಟಿನ ಮನುಷ್ಯನಲ್ಲ, ದಣಿದ ಮನುಷ್ಯ. ಎಲ್ಲವನ್ನೂ ಕೇಳಿ, ಕಾರ್ಡು ತೆಗೆದುಕೊಂಡು ಒಂದು ಸಾಲಿನ ಮೇಲೆ ಬೆರಳಿಟ್ಟು ಓದಿದರು.

"ನೋಡಿ ಬಾಯಿ, ಇಲ್ಲಿ ಸ್ವಚ್ಛ ಬರೆದಿದ್ದಾರೆ. ಅನೆಸ್ತೇಷಿಯಾ ಸಮಾಧಾನಕರ. ತಕರಾರು ಇಲ್ಲ. ಇದರ ಮೇಲೆ ನಾನು ಏನು ಮಾಡಲಿ?"

"ನಾನು ಕೂಗಿದೆ, ಸಾಹೇಬ್."

"ಕಾಗದದಲ್ಲಿ ಹಾಗೆ ಇಲ್ಲ."

ಚಂದ್ರಭಾಗಾ ಕಾರ್ಡನ್ನು ಸೆರಗಿಗೆ ಕಟ್ಟಿಕೊಂಡು ಹೊರಗೆ ಬಂದಳು. ದಾರಿಯುದ್ದಕ್ಕೂ ಆ ಶಬ್ದವನ್ನು ಮರೆಯಬಾರದೆಂದು ಬಾಯಲ್ಲೇ ಹೇಳಿಕೊಂಡು ಬಂದಳು: ಅನೆಸ್ತೇಷಿಯಾ, ಅನೆಸ್ತೇಷಿಯಾ. ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ, ತನ್ನ ಮೈಯ ಸಂಗತಿ ಬರೆದದ್ದು ಮಾತ್ರ ಇನ್ಯಾವುದೋ ಭಾಷೆಯಲ್ಲಿ. ಏನೆಂದು ಬರೆದಿದ್ದಾರೋ ತಿಳಿಯದೆ ಜಗಳ ಆಡುವುದಾದರೂ ಹೇಗೆ?

ಉದಗೀರಿನಲ್ಲಿ ಅವಳ ಸೋದರಮಾವ ಕಾಶೆಪ್ಪ ಇದ್ದ. ನಿಜಾಮರ ಕಾಲದಲ್ಲಿ ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಕಂಪೌಂಡರ್ ಆಗಿದ್ದವನು. ಈಗ ಎಪ್ಪತ್ತೆರಡು ವಯಸ್ಸು. ಹಲ್ಲು ಹೋಗಿದ್ದವು, ಓದುವ ಚಟ ಹೋಗಿರಲಿಲ್ಲ. ರಟ್ಟು ಕಿತ್ತುಹೋದ ಒಂದು ವೈದ್ಯಕೀಯ ಕೋಶ ಅವನ ದೇವರ ಜಗುಲಿಯ ಪಕ್ಕದಲ್ಲೇ ಇರುತ್ತಿತ್ತು. ಕಾರ್ಡು ಹಿಡಿದು ಬಂದ ಸೋದರಸೊಸೆ ಹೇಳಿದ್ದನ್ನೆಲ್ಲ ಕೇಳಿ ಅವನು ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ಓದಿದ. ಆಮೇಲೆ ಕೋಶ ತೆರೆದ.

"ಚಂದ್ರಾ, ಇದು ಇಂಗ್ಲೀಷ್ ಶಬ್ದ ಅಲ್ಲವ್ವಾ. ಗ್ರೀಕರದ್ದು. ಇದರಾಗ ಎರಡು ತುಕಡಿ ಅವ. ಹಿಂದಿಂದು ಎಸ್ತೇಷಿಯಾ. ಹಂಗಂದ್ರ ತಿಳಿಯೋದು."

"ಓದಿ ತಿಳಿಯೋದಾ, ಮಾಮಾ?"

"ಅಲ್ಲ. ಚರ್ಮಕ್ಕ ಮುಟ್ಟಿದ್ದು ತಿಳೀತದಲ್ಲ, ನಾಲಿಗಿಗಿ ಉಪ್ಪು ತಿಳೀತದಲ್ಲ, ಕಿವಿಗಿ ಸಪ್ಪಳ, ಮೂಗಿಗಿ ವಾಸನಿ. ಆ ತಿಳಿವಿಕಿ. ಇಂದ್ರಿಯದ ಅರಿವು ಅನ್ನು. ಮುಂದಿನ ತುಕಡಿ ಅನ್. ಅನ್ ಅಂದ್ರ ಇಲ್ಲ. ಎರಡೂ ಕೂಡಿ ಅನೆಸ್ತೇಷಿಯಾ. ಅರಿವು ಇಲ್ಲ."

ಚಂದ್ರಭಾಗಾ ಕಾರ್ಡಿನ ಮೇಲೆ ಬಾಗಿದಳು. ಕಾಶೆಪ್ಪ ಆ ಶಬ್ದದ ಮೊದಲ ಎರಡು ಅಕ್ಷರದ ಮೇಲೆ ಉಗುರಿನಿಂದ ಗೆರೆ ಎಳೆದು ತೋರಿಸಿದ.

"ಇಷ್ಟೇನಾ? ಇವೆರಡು ಅಕ್ಷರನಾ ನನಗ ತಿಳೀಲಿಲ್ಲ ಅಂತ ಹೇಳೋದು?"

"ಹೂಂ."

"ಇವನ್ನ ತೆಗದ್ರ?"

"ಎಸ್ತೇಷಿಯಾ. ಎಲ್ಲಾ ತಿಳೀತು ಅಂತ ಆಗ್ತದ."

"ಹಂಗಾದ್ರ ಇವನ್ನ ತೆಗಸ್ರಿ ಮಾಮಾ. ನನಗ ಬೇರೆ ಏನೂ ಬ್ಯಾಡ."

ಮುದುಕ ನಗಲಿಲ್ಲ. ಇನ್ನೆರಡು ಪುಟ ತಿರುವಿದ. ಈ ಎಸ್ತೇಷಿಯಾಕ್ಕೆ ಮುಂದೆ ಬೇರೆ ಬೇರೆ ತುಕಡಿ ಸೇರಿಸಿ ಡಾಕ್ಟರುಗಳು ಬೇರೆ ಬೇರೆ ಮಾತು ಮಾಡಿಕೊಂಡಿದ್ದಾರೆಂದು ವಿವರಿಸಿದ. ಕಾಲಿಗೆ ಜೋಮು ಹಿಡಿದು ಜುಮುಜುಮು ಅನ್ನುವುದಕ್ಕೆ ಪ್ಯಾರೆಸ್ತೇಷಿಯಾ. ಸುಟ್ಟ ಗಾಯದ ಸುತ್ತ ಗಾಳಿ ತಾಗಿದರೂ ಉರಿಯುತ್ತದಲ್ಲ, ಅರಿವು ಹೆಚ್ಚಾಗುವುದು, ಅದಕ್ಕೆ ಹೈಪರೆಸ್ತೇಷಿಯಾ. ಆಮೇಲೆ ಒಂದು ಕಡೆ ಬೆರಳು ನಿಲ್ಲಿಸಿ, "ಇದನ್ನ ಮನಸಿನ್ಯಾಗ ಇಟ್ಕೋ" ಎಂದ. "ಮುಟ್ಟಿದ್ದು ತಿಳೀತದ, ನೋವು ಅಷ್ಟೇ ತಿಳಿಯಂಗಿಲ್ಲ ಅನ್ನೋದಕ್ಕ ಬ್ಯಾರೆ ಶಬ್ದ ಅದ. ಅನಾಲ್ಜೀಷಿಯಾ. ಅಲ್ಲಿ ನೋವು ಇಲ್ಲ. ಇಲ್ಲಿ ಅರಿವೇ ಇಲ್ಲ. ಎರಡೂ ಒಂದಲ್ಲ. ಇನ್ನೊಂದು. ಸೂಜಿ ಕೊಟ್ಟ ಮ್ಯಾಲ ಐದು ಮಿನಿಟು ತಡೀಬೇಕು. ಚಿಮಟದಿಂದ ಚರ್ಮ ಚೂಟಿ, ತಿಳೀತೇನವ್ವಾ ಅಂತ ಕೇಳಬೇಕು. ನಮ್ಮ ದವಾಖಾನ್ಯಾಗ ಗೋರಾ ಡಾಕ್ಟರ್ ಇದ್ದ, ಬಾಳ ಕೆಟ್ಟ ಬಾಯಿ ಅವಂದು. ಅಂವಾ ಸುದ್ದಾ ಕೇಳ್ತಿದ್ದ."

ಚಂದ್ರಭಾಗಾ ಐದು ನಿಮಿಷ ಎಂಬ ಮಾತನ್ನು ತಾನೂ ಒಮ್ಮೆ ಹೇಳಿಕೊಂಡಳು. ಅಂದರೆ ಔಷಧ ಕೆಟ್ಟದ್ದಿರಲಿಲ್ಲ, ಮುಗಿದುಹೋಗಿರಲಿಲ್ಲ. ಅದು ಕೆಲಸ ಮಾಡಲು ಹೊರಟಿತ್ತು. ಅದಕ್ಕೆ ಅಷ್ಟು ಹೊತ್ತು ಕೊಡಲಿಲ್ಲ, ಅಷ್ಟೇ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ ನೀರಿಲ್ಲದೆ ಕೂತ ಹೆಂಗಸರು ತಮ್ಮ ಹೊತ್ತನ್ನೆಲ್ಲ ಕೊಟ್ಟಿದ್ದರು. ಅವರಿಗಾಗಿ ಐದು ನಿಮಿಷ ಇರಲಿಲ್ಲ.

ಕಾಶೆಪ್ಪ ಅರ್ಜಿಯನ್ನು ಮರಾಠಿಯಲ್ಲಿ ಹೇಳಿ ಬರೆಸಿದ. ಶಬ್ದದ ಅರ್ಥ, ಅದರ ಎರಡು ತುಕಡಿ, ಐದು ನಿಮಿಷದ ಸಂಗತಿ ಎಲ್ಲ ಅದರಲ್ಲಿತ್ತು. ಕೊನೆಗೆ ಒಂದೇ ಬೇಡಿಕೆ: ನನ್ನ ಕಾರ್ಡಿನ ಆ ಶಬ್ದದಿಂದ ಮೊದಲ ಎರಡು ಅಕ್ಷರ ಹೊಡೆದು ಹಾಕಿ, ಮುಂದೆ ಸಹಿ ಮಾಡಬೇಕು.

ನಿಲಂಗಾಕ್ಕೆ ಬಂದ ಮೇಲೆ ಅತ್ತೆ ಸೊಸೆ ಇಬ್ಬರೂ ಮನೆ ಮನೆ ತಿರುಗಿದರು. ಶಿಬಿರಕ್ಕೆ ಬಂದ ಹೆಂಗಸರ ಊರು ಚಂದ್ರಭಾಗಾಗೆ ಅರ್ಧಂಬರ್ಧ ಗೊತ್ತಿತ್ತು. ಕೆಲವರು ಬಾಗಿಲು ತೆರೆಯಲಿಲ್ಲ. ಕೆಲವರ ಗಂಡಂದಿರು ಅಂಗಳದಿಂದಲೇ ವಾಪಸು ಕಳಿಸಿದರು. ಒಬ್ಬಳು ಬಾವಿ ಹತ್ತಿರ ಕರೆದುಕೊಂಡು ಹೋಗಿ ಗುಟ್ಟಾಗಿ ಹೆಬ್ಬೆಟ್ಟು ಒತ್ತಿದಳು. ಮೂರು ವಾರದಲ್ಲಿ ಮೂವತ್ತೊಂದು ಜನರ ಹೆಬ್ಬೆಟ್ಟು, ಸಹಿ ಸೇರಿದವು. ಮೊದಲನೆಯದು ಶಿವಕಾಂತಮ್ಮನದು. ಅರ್ಜಿಯ ಒಂದು ಪ್ರತಿಯನ್ನು ಜಿಲ್ಲೆಗೆ ಕಳಿಸಿದ್ದೇವೆ ಎಂದು ದಿಗಂಬರನೇ ಕೊನೆಗೊಂದು ಸಾಲು ಸೇರಿಸಿದ. ಅವನಿಗೂ ಈಗ ತಲೆ ಬಿಸಿಯಾಗಿತ್ತು. ಹೆಂಡತಿ ಒಂದು ತಿಂಗಳಿನಿಂದ ಅವನ ಮುಖ ನೋಡಿ ಮಾತಾಡಿರಲಿಲ್ಲ.

ಮಾರ್ಚಿನ ಮೊದಲ ವಾರ ಅಧಿಕಾರಿಯಿಂದ ಕರೆ ಬಂತು. ಅಧಿಕಾರಿಯ ಕೋಣೆಯಲ್ಲಿ ಡಾಕ್ಟರು ಕುರ್ಚಿಯ ಮೇಲೆ, ರಂಭಾಬಾಯಿ ಬಾಗಿಲ ಹತ್ತಿರ ನಿಂತಿದ್ದಳು. ಚಂದ್ರಭಾಗಾ ಮತ್ತು ಸರಸ್ವತಿಬಾಯಿಯರಿಗೂ ಕುರ್ಚಿ ಇರಲಿಲ್ಲ. ಮಾತೆಲ್ಲ ಮರಾಠಿಯಲ್ಲಿ ನಡೆಯಿತು.

ಡಾಕ್ಟರು ಅಧಿಕಾರಿಗೇ ಹೇಳಿದರು, "ಈ ಹೆಂಗಸರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಸರ್. ಔಷಧ ಕೊಟ್ಟ ಮೇಲೂ ಮುಟ್ಟಿದ್ದು ತಿಳಿಯುತ್ತದೆ, ಎಳೆದದ್ದು ತಿಳಿಯುತ್ತದೆ. ನೋವು ತಿಳಿಯುವುದಿಲ್ಲ. ಮುಟ್ಟಿದ್ದನ್ನೇ ನೋವು ಅಂದುಕೊಂಡು ಕೂಗುತ್ತಾರೆ."

"ಹಾಗಾದರೆ ಮುಟ್ಟಿದ್ದು ತಿಳಿಯುತ್ತಿತ್ತು ಎಂದು ನೀವೇ ಹೇಳುತ್ತೀರಿ" ಎಂದಳು ಚಂದ್ರಭಾಗಾ.

"ತಿಳಿದಿರಬಹುದು."

"ಹಾಗಿದ್ದರೆ ಅನೆಸ್ತೇಷಿಯಾ ಎಂದು ಯಾಕೆ ಬರೆದಿರಿ? ಅನ್ ಎಂದರೆ ಇಲ್ಲ. ಎಸ್ತೇಷಿಯಾ ಎಂದರೆ ಅರಿವು. ಮುಟ್ಟಿದ್ದೂ ತಿಳಿಯಬಾರದು ಎಂದು ಅರ್ಥ. ನೋವು ಮಾತ್ರ ಇರಲಿಲ್ಲ ಎನ್ನುವುದಕ್ಕೆ ನಿಮ್ಮ ಬಳಿ ಬೇರೆ ಶಬ್ದ ಇದೆಯಲ್ಲ, ಅನಾಲ್ಜೀಷಿಯಾ. ಅದನ್ನು ಬರೆದಿಲ್ಲ. ನಿಮ್ಮ ಶಬ್ದವನ್ನು ನೀವೇ ಸುಳ್ಳು ಮಾಡಿದಿರಿ. ಇನ್ನು ನನ್ನ ಮಾತು ಸುಳ್ಳು ಎಂದು ಹೇಗೆ ಹೇಳುತ್ತೀರಿ?"

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರ ಕಿವಿ ಕೆಂಪಾದವು. ಕಿರಾಣಿ ಅಂಗಡಿಯ ಹೆಂಗಸಿನ ಬಾಯಲ್ಲಿ ಆ ಶಬ್ದ ಬರುತ್ತದೆಂದು ಅವರು ಎಣಿಸಿರಲಿಲ್ಲ.

"ಯಾರೋ ಹೇಳಿಕೊಟ್ಟಿದ್ದಾರೆ" ಎಂದರು.

"ಹೌದು, ಹೇಳಿಕೊಟ್ಟಿದ್ದಾರೆ. ನಿಮಗೂ ಯಾರೋ ಹೇಳಿಕೊಟ್ಟಿರಬೇಕು. ಸೂಜಿ ಕೊಟ್ಟ ಮೇಲೆ ಎಷ್ಟು ನಿಮಿಷ ತಡೆಯಬೇಕು ಎಂದು ಹೇಳಿಕೊಡಲಿಲ್ಲವೇ?" ಅವಳ ದನಿ ಹೊರಗಿನ ಬೆಂಚಿನವರೆಗೆ ಹೋಯಿತು. "ಅವತ್ತು ಎಷ್ಟು ನಿಮಿಷ ತಡೆದಿರಿ?"

"ಬೇಕಾದಷ್ಟು ತಡೆದಿದ್ದೇನೆ."

ಅಧಿಕಾರಿ ಬಾಗಿಲ ಕಡೆ ನೋಡಿದರು. "ಸಿಸ್ಟರ್, ನೀವು ಇದ್ದಿರಲ್ಲ?"

ರಂಭಾಬಾಯಿ ವಿಧವೆ. ಇಬ್ಬರು ಮಕ್ಕಳು. ಹತ್ತೊಂಬತ್ತು ವರ್ಷದ ನೌಕರಿ. ಅವಳು ತನ್ನ ಬಿಳಿ ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಚಂದ್ರಭಾಗಾ ಅವಳನ್ನು ದಿಟ್ಟಿಸಿ ನೋಡುತ್ತಿದ್ದಳು, ಕರುಣೆಯಿಂದಲ್ಲ.

"ತಡೆಯಲಿಲ್ಲ ಸಾಹೇಬ್" ಎಂದಳು ರಂಭಾಬಾಯಿ. "ನೀರಿನ ಟ್ಯಾಂಕರು ತಡವಾಗಿತ್ತು. ಯಾರಿಗಾಗಿಯೂ ತಡೆಯಲಿಲ್ಲ. ನಾನೇ ಕೈ ಹಿಡಿದಿದ್ದೆ."

ಸರಸ್ವತಿಬಾಯಿ ಕನ್ನಡದಲ್ಲಿ, ಯಾರಿಗೆ ಎಂದಿಲ್ಲದೆ, "ಬಾಯಾಗಿಂದ ಖರೇ ಬಂತಲ್ಲ ಶಿವನೇ" ಎಂದಳು.

ಅಧಿಕಾರಿ ಕಾರ್ಡನ್ನು ಕೈಗೆತ್ತಿಕೊಂಡು ಪೆನ್ನಿನ ಟೊಪ್ಪಿ ತೆಗೆದರು. ಆಮೇಲೆ ಯೋಚಿಸಿ ಟೊಪ್ಪಿ ಹಾಕಿದರು. ಸರಕಾರಿ ದಾಖಲೆಯಲ್ಲಿ ತಿದ್ದುಪಡಿ ಮಾಡುವ ಅಧಿಕಾರ ತಮಗಿಲ್ಲ, ಬರೆದವರೇ ತಿದ್ದಬೇಕು. ಬರೆದವರು ಎದ್ದು ಜೀಪಿನ ಕಡೆ ಹೋಗಿಬಿಟ್ಟಿದ್ದರು. "ಮುಂದಿನ ಶಿಬಿರದಲ್ಲಿ ಐದು ನಿಮಿಷ ತಡೆಯುತ್ತಾರೆ. ನಾನು ತೋಂಡಿ ಆದೇಶ ಕೊಡುತ್ತೇನೆ. ಇನ್ನು ಮನೆಗೆ ಹೋಗಿ" ಎಂದರು.

"ತೋಂಡಿ ಅಂದರೆ ಬಾಯಿಮಾತು" ಎಂದಳು ಚಂದ್ರಭಾಗಾ. "ನಮಗೆ ಕೆಟ್ಟದ್ದಾಗಿದ್ದು ಬರೆದಿಟ್ಟಿಲ್ಲ. ಒಳ್ಳೆಯದು ಮಾಡುತ್ತೇವೆ ಅನ್ನುವುದನ್ನೂ ಬರೆದುಕೊಡುವುದಿಲ್ಲ."

ಮಾರ್ಚಿನ ನಡುವೆ ಅದೇ ಶಾಲೆಯಲ್ಲಿ ಇನ್ನೊಂದು ಶಿಬಿರ ನಡೆಯಿತು. ಬಾಯಿಮಾತಿನ ಮೇಲೆ ನಂಬಿಕೆ ಇಲ್ಲದ ಚಂದ್ರಭಾಗಾ ಗಂಡನ ಕೈಗಡಿಯಾರ ಕಟ್ಟಿಕೊಂಡು ಮೊದಲ ಬಸ್ಸಿಗೇ ಹೋದಳು. ವರಾಂಡದಲ್ಲಿ ಕೂತಿದ್ದ ಒಬ್ಬೊಬ್ಬರ ಹತ್ತಿರ ಹೋಗಿ ಹೇಳಿದಳು, "ಸೂಜಿ ಕೊಟ್ಟ ಮ್ಯಾಲ ಚೂಟ್ತಾರ. ತಿಳೀತೇನು ಅಂತ ಕೇಳ್ತಾರ. ತಿಳದ್ರ ತಿಳೀತು ಅನ್ರಿ. ನಾಚಬ್ಯಾಡ್ರಿ. ತಡಕೊಂಡ್ರ ಯಾರೂ ನಿಮಗ ಹಾರ ಹಾಕಂಗಿಲ್ಲ." ಆ ಗ್ರೀಕ್ ಶಬ್ದವನ್ನೂ ಹೇಳಿಕೊಟ್ಟಳು. ಉದ್ದದ್ದು ಯಾರ ನಾಲಿಗೆಗೂ ಹತ್ತಲಿಲ್ಲ. ಮೊದಲ ತುಕಡಿ ಹತ್ತಿತು.

ಜಿಲ್ಲೆಗೆ ಹೋದ ಅರ್ಜಿಯ ಹೆದರಿಕೆಯೋ ಏನೋ, ಈ ಸಲ ಟ್ಯಾಂಕರು ಹೊತ್ತಿಗೆ ಬಂದಿತ್ತು. ಡಾಕ್ಟರು ಅವರೇ. ಚಂದ್ರಭಾಗಾಳನ್ನು ಬಾಗಿಲಲ್ಲಿ ಕಂಡು, "ಈ ಬಾಯಿಯನ್ನು ಹೊರಗೆ ಕಳಿಸಿ" ಎಂದರು. ಅವಳು ಹೊಸ್ತಿಲ ಈಚೆ ಕೂತಳು. ಹೊರಗೇ ಇದ್ದೇನಲ್ಲ ಎಂದಳು. ಒಳಗೆ ರಂಭಾಬಾಯಿ ಸೂಜಿ ಕೊಟ್ಟ ಹೊತ್ತನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಚಂದ್ರಭಾಗಾ ಗಡಿಯಾರ ನೋಡಿ ಐದು ನಿಮಿಷ ಆಯಿತೆಂದು ಹೊರಗಿನಿಂದ ಗಟ್ಟಿಯಾಗಿ ಹೇಳುತ್ತಿದ್ದಳು. ಆಮೇಲೆ ರಂಭಾಬಾಯಿ ಚಿಮಟದಿಂದ ಚೂಟಿ ಕೇಳುತ್ತಿದ್ದಳು, "ಅನ್ ಬಂತೇನವ್ವಾ?"

"ಇನ್ನೂ ಬಂದಿಲ್ಲರೀ" ಎಂದು ಒಬ್ಬಳು ಅಂದರೆ ಇನ್ನೆರಡು ನಿಮಿಷ. "ಬಂತು" ಎಂದ ಮೇಲೆ ಕತ್ತಿ. ಡಾಕ್ಟರು ಎರಡು ಸಲ ಕೈಗವಸು ಕಿತ್ತೆಸೆದರು. ಸಂಜೆಯ ಹೊತ್ತಿಗೆ ಎಪ್ಪತ್ತಾರು ಕೇಸಿನಲ್ಲಿ ನಲವತ್ತೊಂದು ಮುಗಿದವು. ಉಳಿದವರನ್ನು ವಾರ ಬಿಟ್ಟು ಬರಲು ಹೇಳಿದರು. ಜಗತ್ತು ಮುಳುಗಲಿಲ್ಲ. ಮಲಗಿದ್ದ ಹೆಂಗಸರನ್ನು ಚಂದ್ರಭಾಗಾ ಒಬ್ಬೊಬ್ಬರಾಗಿ ಕೇಳಿದಳು. ಮೂರು ಜನ ಸ್ವಲ್ಪ ಎಳೆದಂತಾಯಿತು ಎಂದರು. ಉಳಿದವರಿಗೆ ಏನೂ ತಿಳಿದಿರಲಿಲ್ಲ. ಒಬ್ಬಳಂತೂ ನಿದ್ದೆ ಹೊಡೆಯುತ್ತಿದ್ದಳು. ಅವಳನ್ನು ನೋಡುತ್ತ ಚಂದ್ರಭಾಗಾಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಬೆನ್ನಿಗೇ ಸಿಟ್ಟು ಉಕ್ಕಿತು: ಇಷ್ಟು ಸುಲಭವಿತ್ತೇ? ಇಷ್ಟು ಸುಲಭದ್ದನ್ನು ನಮಗೆ ಕೊಡಲಿಲ್ಲವೇ?

ಈ ಪ್ರಕರಣದಲ್ಲಿ ಆ ವರ್ಷ ಬರಹದಲ್ಲಿ ಬಂದ ಆದೇಶ ಒಂದೇ ಒಂದು. ಜೂನಿನಲ್ಲಿ ರಂಭಾಬಾಯಿಯನ್ನು ಉದಗೀರಿನ ಆಚೆ, ದಿನಕ್ಕೊಂದು ಬಸ್ಸು ಹೋಗುವ ಗಡಿಯ ಹಳ್ಳಿಗೆ ವರ್ಗ ಮಾಡಿದರು. ಡಾಕ್ಟರು ಇದ್ದಲ್ಲೇ ಇದ್ದರು.

ಸುದ್ದಿ ಕೇಳಿದ ದಿನ ಚಂದ್ರಭಾಗಾ ಊಟ ಬಿಟ್ಟಳು. ಮರುವಾರ ಆ ಹಳ್ಳಿಗೆ ಹೋದಳು. ರಂಭಾಬಾಯಿ ಒಂದು ಕೋಣೆಯ ಮನೆಯಲ್ಲಿ, ಇನ್ನೂ ಬಿಚ್ಚದ ಟ್ರಂಕಿನ ಮೇಲೆ ಕೂತಿದ್ದಳು. ಚಂದ್ರಭಾಗಾ ಏನೋ ಹೇಳಲು ಹೊರಟಳು. ರಂಭಾಬಾಯಿ ಬಿಡಲಿಲ್ಲ.

"ಸಮಾಧಾನ ಹೇಳಬ್ಯಾಡ ಅಕ್ಕಾ. ನಿನಗ ಮನಿ ಅದ, ಅಂಗಡಿ ಅದ, ಬೆನ್ನಿಗಿ ಅತ್ತಿ ನಿಂತಾಳ. ಜಗಳಾಡಿ ಮನಿಗಿ ಹೋದಿ. ನಾ ಮಕ್ಕಳನ್ನ ಶಾಲಿ ಸಲುವಾಗಿ ನಿಲಂಗಾದಾಗ ಬಿಟ್ಟು ಬಂದೀನಿ. ಅವತ್ತು ಆ ಕೋಣ್ಯಾಗ ನೀ ನನ್ನ ಕಡೆ ಹ್ಯಾಂಗ ನೋಡಿದಿ, ಗೊತ್ತದ ಏನು? ನಾನೇ ಕೊಯ್ದಂಗ."

ಚಂದ್ರಭಾಗಾ ಟ್ರಂಕಿನ ಎದುರು ನೆಲದ ಮೇಲೆ ಕೂತಳು. ನೋಡಿದ್ದು ನಿಜ. ಕೈ ಹಿಡಿದಿದ್ದವಳ ಮೇಲೆ ಸಿಟ್ಟು ಮಾಡುವುದು ಸುಲಭವಿತ್ತು, ಅವಳು ಎದುರಿಗಿದ್ದಳು, ಅವಳಿಗೂ ಕುರ್ಚಿ ಇರಲಿಲ್ಲ.

"ತಪ್ಪಾಯ್ತು" ಎಂದಳು. "ಅವತ್ತು ನೀವು ಖರೇ ಹೇಳದಿದ್ರ ನನ್ನ ಮಾತು ಮಣ್ಣಾಗ ಹೋಗ್ತಿತ್ತು."

ರಂಭಾಬಾಯಿ ಮುಖ ತಿರುಗಿಸಿ ಸ್ಟೋ ಹಚ್ಚಿದಳು. ಹಾಲಿರಲಿಲ್ಲ. ಕರಿ ಚಹಾ ಮಾಡಿ ಇಬ್ಬರೂ ಕುಡಿದರು.

ಮಳೆಗಾಲ ಶುರುವಾಗಬೇಕಿತ್ತು, ಆ ವರ್ಷವೂ ತಡವಾಯಿತು. ಚಂದ್ರಭಾಗಾ ರಂಭಾಬಾಯಿಯ ಪರವಾಗಿ ಅರ್ಜಿ ಬರೆದಳು. ಈ ಸಲ ಕಾಶೆಪ್ಪನ ಸಹಾಯ ತೆಗೆದುಕೊಳ್ಳಲಿಲ್ಲ. ಖರೇ ಹೇಳಿದವಳಿಗೆ ಶಿಕ್ಷೆ, ಸುಳ್ಳು ಬರೆದವರಿಗೆ ಜೀಪು ಎಂದು ನೇರವಾಗಿಯೇ ಬರೆದಳು. ಉತ್ತರ ಬರಲಿಲ್ಲ. ಎರಡನೆಯದಕ್ಕೂ ಬರಲಿಲ್ಲ. ಮೂರನೆಯದನ್ನು ದಿಗಂಬರ ಸ್ವತಃ ಲಾತೂರಿನ ಜಿಲ್ಲಾ ಕಚೇರಿಗೆ ಒಯ್ದು ಕೊಟ್ಟು, ಮುಟ್ಟಿದ್ದಕ್ಕೆ ಪೋಚು ಬರೆಸಿಕೊಂಡು ತಂದ. ಹದಿನೆಂಟು ತಿಂಗಳಾದ ಮೇಲೆ, ನಾಲ್ಕನೆಯದಕ್ಕೆ, ರಂಭಾಬಾಯಿಯನ್ನು ನಿಲಂಗಾದ ಹತ್ತಿರದ ಹಳ್ಳಿಗೆ ವಾಪಸು ಕಳಿಸಿ ಆದೇಶ ಹೊರಟಿತು. ಅವಳೇ ಕಾಗದ ತಂದು ಅಂಗಡಿಯ ಮುಂದೆ ನಿಂತು ತೋರಿಸಿದಳು. ಕಾರಣದ ಜಾಗದಲ್ಲಿ 'ಆಡಳಿತದ ಸೋಯಿಗಾಗಿ', ಅಂದರೆ ಅನುಕೂಲಕ್ಕಾಗಿ, ಎಂದು ಬರೆದಿತ್ತು.

ಚಂದ್ರಭಾಗಾ ಅದನ್ನು ಅತ್ತೆಗೆ ಓದಿ ಹೇಳಿದಳು.

"ಯಾರ ಸೋಯಿ?" ಎಂದಳು ಸರಸ್ವತಿಬಾಯಿ, ಕಿವಿಯ ಹಿಂದೆ ಕೈ ಇಟ್ಟುಕೊಂಡು. "ಇನ್ನೊಮ್ಮಿ ಓದು. ತಪ್ಪು ಬರ್ದಾರೇನು?"

"ತಪ್ಪೇ ಬರ್ದಾರ ಅತ್ತಿ."

"ಹಂಗಾದ್ರ ಕಾಗದ ತೊಗೊಂಡ್ ಬಾ" ಎಂದಳು ಮುದುಕಿ. "ಕುಂದ್ರು. ಬರಿ."